ಜ್ವರದ ಲೆಕ್ಕಕ್ಕೆ ಸೇರಿಹೋದ ಕೂಸುಗಳು

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲಾ ಕೇಂದ್ರ 1865ರಲ್ಲೇ ಕಡೂರಿನಿಂದ ಚಿಕ್ಕಮಗಳೂರಿಗೆ ಹೋದರೂ ಹಳೆಯ ಹೆಸರು 1947ರವರೆಗೆ ಉಳಿದುಕೊಂಡಿತ್ತು. ಈ ಜಿಲ್ಲೆಯ ಜನಗಣತಿಯಲ್ಲಿ ಗಮನ ಸೆಳೆಯುವ ಸಂಗತಿಯೊಂದಿದೆ. 1901ರಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 3.6 ಲಕ್ಷ. ಇಪ್ಪತ್ತು ವರ್ಷಗಳ ಬಳಿಕ, 1921ರಲ್ಲಿ ಎಣಿಸಿದಾಗ ಅದು ಸುಮಾರು 3.3 ಲಕ್ಷಕ್ಕೆ ಇಳಿದಿತ್ತು. ಈ ನಡುವೆ ಇಲ್ಲಿ ಯಾವ ಯುದ್ಧವೂ ನಡೆಯಲಿಲ್ಲ. ಕಾಫಿ ತೋಟಗಳ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಆಳುಗಳು ಬರುತ್ತಲೇ ಇದ್ದರು. ಆದರೂ ಜನ ಕಡಿಮೆಯಾದರು.

ಪ್ಲೇಗು, 1918ರ ಇನ್‌ಫ್ಲುಯೆಂಜಾ ಮತ್ತು ಎಡೆಬಿಡದೆ ಕಾಡಿದ ಮಲೇರಿಯಾ ಇದಕ್ಕೆ ಕಾರಣ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಆ ದಿನಗಳಲ್ಲಿ ಸಾವಿಗೆ ಹೆಚ್ಚಾಗಿ ತುತ್ತಾದವರು ಮಕ್ಕಳು. ಆಗ ಇಡೀ ಹಿಂದೂಸ್ಥಾನದಲ್ಲಿ ಹುಟ್ಟಿದ ಐದು ಕೂಸುಗಳಲ್ಲಿ ಒಂದಾದರೂ ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ಒಂದರ ಹಿಂದೆ ಒಂದು ಮಕ್ಕಳನ್ನು ಕಳೆದುಕೊಂಡ ತಾಯಿ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ 'ತಿಪ್ಪ' ಎಂದೋ 'ಗುಂಡ' ಎಂದೋ ಹೆಸರಿಡುತ್ತಿದ್ದಳು. ಬೇಡದ ವಸ್ತುವೆಂದು ಸಾವು ಅದರ ಕಡೆ ಕಣ್ಣು ಹಾಯಿಸದಿರಲಿ ಎಂಬುದು ಆಕೆಯ ಆಸೆ. ನಮ್ಮ ಹಿರಿಯರ ಹೆಸರುಗಳಲ್ಲಿ ಆ ಕಾಲದ ಶಿಶುಮರಣದ ಕಥೆ ಹೀಗೆ ಅಡಗಿದೆ.

ಆ ಮಕ್ಕಳು ಯಾವ ರೋಗದಿಂದ ಸತ್ತರು? ಅದನ್ನು ಸರ್ಕಾರ ತಿಳಿದುಕೊಂಡದ್ದು ಹೇಗೆ? ತಿಳಿದ ಮೇಲೆ ತಡೆದದ್ದು ಹೇಗೆ? ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಕೇಳಿದರೆ ಸಾರ್ವಜನಿಕ ಆರೋಗ್ಯದ ಇತಿಹಾಸದ ಒಂದು ಮುಖ್ಯ ಪಾಠ ಸಿಗುತ್ತದೆ. ಸರಿಯಾಗಿ ಹೆಸರಿಟ್ಟು ಎಣಿಸಿದ ರೋಗ ಬೇಗ ಹಿಡಿತಕ್ಕೆ ಬಂತು. ಎಣಿಕೆಗೆ ಸಿಗದ ರೋಗ ತಲೆಮಾರುಗಟ್ಟಲೆ ಕೂಸುಗಳನ್ನು ಒಯ್ದಿತು.

ಪಟೇಲರ ಪುಸ್ತಕ

ಅಂದು ಹಳ್ಳಿಯಲ್ಲಿ ಜನನ ಮರಣಗಳ ಲೆಕ್ಕ ಇಡುವ ಹೊಣೆ ಗ್ರಾಮಾಧಿಕಾರಿಗಳದು. ಸಾವಿನ ಸುದ್ದಿಯನ್ನು ತೋಟಿ ಅಥವಾ ತಳವಾರ ತರುತ್ತಿದ್ದ. ಪಟೇಲರ ಹೊಣೆಯಲ್ಲಿ, ಅನೇಕ ಕಡೆ ಶಾನುಭೋಗರ ಕೈಬರಹದಲ್ಲಿ ಅದು ಪುಸ್ತಕಕ್ಕೆ ಏರುತ್ತಿತ್ತು. ಅಲ್ಲಿಂದ ಲೆಕ್ಕ ತಾಲ್ಲೂಕು ಕಚೇರಿಯ ಅಮಲ್ದಾರರಿಗೆ, ಬಳಿಕ ಜಿಲ್ಲಾ ಕಚೇರಿಗೆ, ಕೊನೆಗೆ ಬೆಂಗಳೂರಿಗೆ ಹೋಗುತ್ತಿತ್ತು.

ಆ ಲೆಕ್ಕದಲ್ಲಿ ಸಾವಿನ ಕಾರಣಕ್ಕೆಂದು ಇದ್ದ ಕಲಮುಗಳು ಕೆಲವೇ ಕೆಲವು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಉಸಿರಾಟದ ರೋಗಗಳು, ಅಪಘಾತ, ಇತರೆ. ಇವುಗಳಲ್ಲಿ ಸಿಡುಬನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಕಾಲರಾ ಬಂದರೆ ಊರಿಗೇ ತಿಳಿಯುತ್ತದೆ. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ ಎದ್ದರೆ ಪ್ಲೇಗು. ಇವುಗಳಾಚೆಗೆ ಮೈ ಬಿಸಿಯಾಗಿ ಸತ್ತ ಪ್ರತಿಯೊಬ್ಬರೂ 'ಜ್ವರ'ದ ಕಲಮಿಗೆ ಸೇರುತ್ತಿದ್ದರು.

ಪಟೇಲರು ವೈದ್ಯರಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಮಲೇರಿಯಾ, ವಿಷಮಶೀತ ಜ್ವರ, ದಡಾರ, ನ್ಯುಮೋನಿಯಾ, ಎಲ್ಲದರಲ್ಲೂ ಮೈ ಸುಡುತ್ತದೆ. ಹೀಗಾಗಿ ವರ್ಷವರ್ಷವೂ ಲೆಕ್ಕದಲ್ಲಿ ದೊಡ್ಡ ಸಂಖ್ಯೆ ಜ್ವರದ್ದೇ ಆಗಿರುತ್ತಿತ್ತು. ದೊಡ್ಡದಾದರೂ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ನಾಮಕರಣಕ್ಕೆ ಮುನ್ನವೇ ತೀರಿಕೊಂಡ ಹಸುಗೂಸುಗಳಂತೂ ಎಷ್ಟೋ ಸಲ ಜನನದ ಪುಟದಲ್ಲೂ ಇಲ್ಲ, ಮರಣದ ಪುಟದಲ್ಲೂ ಇಲ್ಲ.

ತೋಳಿನ ಮೇಲಿನ ಗುರುತು

ಸ್ವಂತ ಕಲಮು ಇದ್ದ ರೋಗ ಸಿಡುಬು. ಜನ ಅದನ್ನು 'ಅಮ್ಮ' ಎಂದು ಕರೆದರು. ಮನೆಗೆ ಅಮ್ಮ ಬಂದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು. ಹೊರಗಿನವರು ಒಳಗೆ ಬರುವಂತಿಲ್ಲ, ಮನೆಯವರು ಬೇರೆ ಕಡೆ ಹೋಗುವಂತಿಲ್ಲ. ಭಕ್ತಿಯಿಂದ ಪಾಲಿಸಿದ ಈ ಮಡಿಯಲ್ಲಿ ರೋಗಿಯನ್ನು ಪ್ರತ್ಯೇಕವಾಗಿಡುವ ವಿವೇಕವೂ ಸೇರಿಕೊಂಡಿತ್ತು.

ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಕೊಂಡ ಗೋಸಿಡುಬಿನ ಲಸಿಕೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ತಗುಲಿತು. ಹಿಂದೂಸ್ಥಾನದಲ್ಲಿ ಅದೇ ಮೊದಲು. ಕೆಲವೇ ವರ್ಷಗಳಲ್ಲಿ ಅದು ಮೈಸೂರಿನ ಅರಮನೆಯನ್ನೂ ತಲುಪಿತು. ಥಾಮಸ್ ಹಿಕ್ಕಿ ಎಂಬ ಕಲಾವಿದ 1805ರ ಸುಮಾರಿಗೆ ಬಿಡಿಸಿದ ವರ್ಣಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಒಬ್ಬ ಯುವತಿ ಸೀರೆಯ ಸೆರಗು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡ ಮೇಲೆ ಪ್ರಜೆಗಳಿಗೇಕೆ ಅಂಜಿಕೆ ಎಂಬುದು ಆ ಚಿತ್ರದ ಸಂದೇಶವಿದ್ದೀತು.

ಆದರೆ ಅರಮನೆಯಿಂದ ಅಜ್ಜಂಪುರದ ಗುಡಿಸಲಿಗೆ ಲಸಿಕೆ ಬರಲು ಬಹಳ ಕಾಲ ಹಿಡಿಯಿತು. ಮೊದಮೊದಲು ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕುತ್ತಿದ್ದರು. ಬೇರೆ ಜಾತಿಯ ಮಗುವಿನ ರಸ ಎಂಬ ಅಳುಕು ಒಂದು ಕಡೆ, ಇತರ ರೋಗ ಅಂಟೀತೆಂಬ ನಿಜವಾದ ಭಯ ಇನ್ನೊಂದು ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕರುಗಳ ಹೊಟ್ಟೆಯ ಚರ್ಮದ ಮೇಲೆ ಗುಳ್ಳೆ ಎಬ್ಬಿಸಿ ಲಸಿಕೆ ತಯಾರಿಸುವ ಪದ್ಧತಿ ಬಂದಾಗ ಈ ತೊಡಕು ನೀಗಿತು. ಬೆಂಗಳೂರಿನಲ್ಲೂ ಲಸಿಕೆ ತಯಾರಾಗುತ್ತಿತ್ತು. ಮುಂದೆ ಕೇರಳದ ಸಮಾಜ ಸುಧಾರಕರಾಗಿ ಹೆಸರಾದ ಡಾ. ಪದ್ಮನಾಭನ್ ಪಲ್ಪು ಅಲ್ಲಿ ಕೆಲಸ ಮಾಡಿದವರು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ನೌಕರಿ ಸಿಗದೆ ಹೋದ ಆ ವೈದ್ಯರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಹಳ್ಳಿಗೆ ಬರುತ್ತಿದ್ದ ಲಸಿಕೆಗಾರನ ಕೆಲಸವನ್ನು ಜನ 'ದಾಕು ಹಾಕುವುದು' ಎನ್ನುತ್ತಿದ್ದರು. ಅವನು ಬಂದನೆಂದರೆ ಮಕ್ಕಳು ಅಟ್ಟ ಹತ್ತುತ್ತಿದ್ದವು, ಹಿತ್ತಿಲಿಗೆ ಓಡುತ್ತಿದ್ದವು. ಬಿಸಿಲಿಗೆ ಲಸಿಕೆ ಕೆಡುತ್ತಿದ್ದುದರಿಂದ ಛಳಿಗಾಲವೇ ಅವನ ತಿರುಗಾಟಕ್ಕೆ ತಕ್ಕ ಕಾಲ. ವಾರದ ಮೇಲೆ ಮತ್ತೆ ಬಂದು, ಗುಳ್ಳೆ ಎದ್ದಿದೆಯೇ ಎಂದು ನೋಡಿ, ಎದ್ದಿದ್ದರೆ ಮಾತ್ರ ಲಸಿಕೆ ಹತ್ತಿತೆಂದು ಬರೆದುಕೊಳ್ಳಬೇಕು.

ಇಲ್ಲಿ ಒಂದು ವಿಶೇಷವಿದೆ. ಸಿಡುಬು ಮೈಮೇಲೆ ಬರೆದು ಹೋಗುವ ರೋಗ. ಬದುಕಿ ಉಳಿದವರ ಮುಖದಲ್ಲಿ ಕಲೆ, ಲಸಿಕೆ ಹಾಕಿಸಿಕೊಂಡವರ ತೋಳಿನಲ್ಲಿ ಗುರುತು. ಪುಸ್ತಕ ಸುಳ್ಳು ಹೇಳಿದರೂ ತೋಳು ಹೇಳದು. ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋಳು ನೋಡಿದರೆ ಸಾಕು, ಆ ಊರಿನ ಲೆಕ್ಕ ಕಣ್ಣೆದುರಿಗೆ ಬರುತ್ತದೆ. ಇಂಥ ಸುಲಭದ ಎಣಿಕೆ ಬೇರೆ ಯಾವ ರೋಗಕ್ಕೂ ಇರಲಿಲ್ಲ. ಹಾಗಿದ್ದೂ ಭಾರತದಿಂದ ಸಿಡುಬು ಮರೆಯಾಗಲು 1975ರವರೆಗೆ ಕಾಯಬೇಕಾಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ತೊಲಗಿತೆಂದು ಘೋಷಿಸಿತು.

ರೈಲಿನ ದಾರಿಯಲ್ಲಿ ಬಂದ ಮಾರಿ

ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲು ಮಾರ್ಗ 1889ರಲ್ಲಿ ಪೂರ್ಣವಾಯಿತು. ಅದು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುತ್ತದೆ. ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಕವಲು ಮಾರ್ಗ ತೆರೆದದ್ದು 1899ರಲ್ಲಿ. ಅಡಕೆ, ತೆಂಗಿನಕಾಯಿ, ರಾಗಿ, ಹತ್ತಿಗಳಿಗೆ ದೂರದ ಪೇಟೆ ಹತ್ತಿರವಾಯಿತು.

ಅದೇ ಹೊತ್ತಿಗೆ, 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿ ಧಾರವಾಡಗಳನ್ನು ನಡುಗಿಸಿ, ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವೆ ಇದ್ದದ್ದು ಇದೇ ರೈಲು ಮಾರ್ಗ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಹೇಳಿದ್ದೂ 1898ರಲ್ಲೇ. ಆದರೆ ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಧಾನ್ಯದ ಮೂಟೆಗಳ ಜೊತೆಗೆ ಇಲಿಯೂ ಚಿಗಟವೂ ರೈಲು ಹತ್ತಬಲ್ಲವು.

ಪ್ಲೇಗಿನ ವಿಷಯದಲ್ಲಿ ಸರ್ಕಾರದ ಎಚ್ಚರಿಕೆ ಬೇರೆಯೇ ಮಟ್ಟದ್ದು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಸೋಂಕಿನ ಊರಿನಿಂದ ಬಂದವರ ಹೆಸರು ವಿಳಾಸ ಬರೆದುಕೊಂಡು ದಿನವೂ ಹಾಜರಿ, ಮನೆಗಳಿಗೆ ಸುಣ್ಣ, ಹಂಚು ತೆಗೆದು ಒಳಗೆ ಬಿಸಿಲು ಬಿಡುವುದು, ಹಾಫ್‌ಕಿನ್ ತಯಾರಿಸಿದ ಚುಚ್ಚುಮದ್ದು ಎಲ್ಲವೂ ನಡೆದವು. ಜನರೂ ತಮ್ಮದೇ ಉಪಾಯ ಕಂಡುಕೊಂಡರು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಸತ್ತ ಇಲಿ ಅವರ ಪಾಲಿಗೆ ಮುನ್ಸೂಚನೆಯ ತಂತಿಯಾಗಿತ್ತು. ಇಲಿಯನ್ನು ಎಣಿಸಿ ಮನುಷ್ಯರನ್ನು ಉಳಿಸಿಕೊಳ್ಳುವ ಕ್ರಮ ಅದು.

ಇದರಿಂದ ತಿಳಿಯುವುದೇನು? ಮನಸ್ಸು ಮಾಡಿದರೆ ಆ ಕಾಲದ ಆಡಳಿತ ಒಬ್ಬೊಬ್ಬ ರೋಗಿಯನ್ನೂ ಹುಡುಕಿ ಬರೆದುಕೊಳ್ಳಬಲ್ಲುದಾಗಿತ್ತು. ಪ್ಲೇಗು ವ್ಯಾಪಾರವನ್ನು ನಿಲ್ಲಿಸುತ್ತಿತ್ತು, ರೈಲನ್ನು ತಡೆಯುತ್ತಿತ್ತು, ನಗರಗಳನ್ನು ಖಾಲಿ ಮಾಡಿಸುತ್ತಿತ್ತು. ಹಾಗಾಗಿ ಅದರ ಲೆಕ್ಕ ದಿನದಿನಕ್ಕೂ ಬೇಕಿತ್ತು. ಲಕ್ಕವಳ್ಳಿಯ ಕಾಡಂಚಿನಲ್ಲಿ ಚಳಿಜ್ವರದಿಂದ ನಡುಗುತ್ತಿದ್ದ ಮಗುವಿನಿಂದ ಯಾವ ರೈಲೂ ನಿಲ್ಲುತ್ತಿರಲಿಲ್ಲ.

ಹೊಟ್ಟೆ ಮುಟ್ಟಿ ನೋಡಿದ ಕೈ

ಕಡೂರು ಬಯಲುಸೀಮೆ. ಅಜ್ಜಂಪುರವೂ ಬಯಲುಸೀಮೆಯದೇ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅದು ಅಂದು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ತರೀಕೆರೆ ಮಾತ್ರ ಬಯಲಿಗೂ ಮಲೆನಾಡಿಗೂ ನಡುವಿನ ಹೊಸ್ತಿಲು. ಅಲ್ಲಿಂದ ಪಶ್ಚಿಮಕ್ಕೆ ಹೋದಂತೆ ಭದ್ರೆಯ ಕಣಿವೆ, ದಟ್ಟ ಕಾಡು, ಜೊತೆಗೆ ಮಲೇರಿಯಾ. 'ಮಲೆನಾಡಿಗೆ ಹೆಣ್ಣು ಕೊಡಬಾರದು' ಎಂದು ಬಯಲಿನವರು ಹಿಂಜರಿಯುತ್ತಿದ್ದ ಕಾಲ ಅದು.

ಮಲೆನಾಡಿನ ಮಕ್ಕಳ ಹೊಟ್ಟೆ ಉಬ್ಬಿ, ಕೈಕಾಲು ಬಡಕಲಾಗಿರುವುದನ್ನು ಜನ ಎಂದಿನಿಂದಲೋ ಕಂಡಿದ್ದರು. ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುವ ಗಟ್ಟಿಯನ್ನು 'ಜ್ವರಗಡ್ಡೆ' ಎಂದು ಕರೆದಿದ್ದರು. ವೈದ್ಯರ ಮಾತಿನಲ್ಲಿ ಅದು ಹಿಗ್ಗಿದ ಗುಲ್ಮ. ಮಲೇರಿಯಾ ರೋಗಾಣು ಕೆಂಪು ರಕ್ತಕಣಗಳನ್ನು ಹಾಳುಮಾಡಿದಾಗ ಅವುಗಳನ್ನು ಸೋಸಿ ತೆಗೆಯುವ ಕೆಲಸ ಗುಲ್ಮದ್ದು. ಮತ್ತೆ ಮತ್ತೆ ಜ್ವರ ಬಂದರೆ ಅದು ಊದಿಕೊಂಡು ಪಕ್ಕೆಲುಬಿನ ಕೆಳಗೆ ಇಳಿಯುತ್ತದೆ.

ಡೆಂಪ್‌ಸ್ಟರ್ ಎಂಬ ವೈದ್ಯ 1840ರ ದಶಕದಲ್ಲಿ ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡ. ಊರಿನ ಮಕ್ಕಳನ್ನು ನಿಲ್ಲಿಸಿ, ಎಡಪಕ್ಕೆಯ ಕೆಳಗೆ ಬೆರಳಿಟ್ಟು ನೋಡಿ, ನೂರಕ್ಕೆ ಎಷ್ಟು ಮಕ್ಕಳಿಗೆ ಗುಲ್ಮ ಕೈಗೆ ಸಿಗುತ್ತದೆಂದು ಎಣಿಸುವುದು. ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಮಾತ್ರ ನೋಡುವುದು ಮುಂದೆ ರೂಢಿಗೆ ಬಂತು. ದೊಡ್ಡವರಲ್ಲಿ ಜ್ವರ ತಿಂದು ತಿಂದು ಒಂದಿಷ್ಟು ತಡೆಯುವ ಶಕ್ತಿ ಬಂದಿರುತ್ತದೆ; ಆ ಊರಿನ ಈಚಿನ ಸ್ಥಿತಿಯನ್ನು ಮಕ್ಕಳ ಹೊಟ್ಟೆಯೇ ಸರಿಯಾಗಿ ಹೇಳುತ್ತದೆ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಊರುಗಳನ್ನು ವರ್ಗ ಮಾಡಿದ್ದೂ ಇದೇ ಲೆಕ್ಕದಿಂದ: ನೂರಕ್ಕೆ ಹತ್ತರೊಳಗಿದ್ದರೆ ರೋಗ ಕಡಿಮೆ, ಐವತ್ತು ದಾಟಿದರೆ ತೀವ್ರ.

ಈ ವಿಧಾನಕ್ಕೆ ಸೂಕ್ಷ್ಮದರ್ಶಕ ಬೇಡ, ಪಟೇಲರ ಪುಸ್ತಕವೂ ಬೇಡ. ಸತ್ತವರನ್ನಲ್ಲ, ಬದುಕಿರುವ ಮಕ್ಕಳನ್ನು ನೋಡಿ ಎಣಿಸುವ ವಿಧಾನ ಇದು. ಜ್ವರದ ಕಲಮಿನಲ್ಲಿ ಮಲೇರಿಯಾದ ಪಾಲೆಷ್ಟು ಎಂದು ಊಹಿಸುವ ಬದಲು, ಈ ಊರಿನಲ್ಲಿ ಮಲೇರಿಯಾ ಇದೆಯೇ ಎಂದು ಅರ್ಧ ದಿನದಲ್ಲಿ ಹೇಳಿಬಿಡಬಹುದಾಗಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮಲೆನಾಡಿನ ಸುಧಾರಣೆಯ ಯೋಜನೆ ರೂಪುಗೊಂಡಿತು. ಆದರೆ ರೋಗದ ವ್ಯವಸ್ಥಿತ ಅಧ್ಯಯನ ನಡೆದದ್ದು 1920ರ ದಶಕದ ಕೊನೆಯಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಬಂದಾಗ. ಪ್ರತಿಷ್ಠಾನದ ಡಾ. ಸ್ವೀಟ್ ಮತ್ತು ಸಂಸ್ಥಾನದ ಆರೋಗ್ಯ ಇಲಾಖೆಯ ಡಾ. ಬಿ.ಎ. ರಾವ್ ಜೊತೆಯಾಗಿ ಕೆಲಸ ಮಾಡಿದರು. ನೀರಾವರಿ ಸೀಮೆಯ ಅಧ್ಯಯನಕ್ಕೆ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಮಲೆನಾಡಿನ ಅಧ್ಯಯನಕ್ಕೆ ಕಡೂರು ಜಿಲ್ಲೆಯದೇ ಆದ ಮೂಡಿಗೆರೆ ಅವರ ಕೇಂದ್ರಗಳಲ್ಲಿ ಸೇರಿದ್ದವು. ಮಕ್ಕಳ ಗುಲ್ಮ ನೋಡುವುದು, ಬೆರಳಿನ ರಕ್ತ ತೆಗೆದು ಪರೀಕ್ಷಿಸುವುದು, ಸೊಳ್ಳೆಗಳನ್ನು ಹಿಡಿದು ಸೀಳಿ ಅವುಗಳಲ್ಲಿ ರೋಗಾಣು ಹುಡುಕುವುದು, ಹೀಗೆ ಕೆಲಸ ನಡೆಯಿತು. ಸ್ವೀಟ್ ಮತ್ತು ರಾವ್ 1937ರಲ್ಲಿ ಹೆಸರಿಟ್ಟ ಅನಾಫಿಲಿಸ್ ಸೊಳ್ಳೆಯ ಒಂದು ಬಗೆ ಇಂದಿಗೂ 'ಮೈಸೊರೆನ್ಸಿಸ್' ಎಂದೇ ಶಾಸ್ತ್ರಗ್ರಂಥಗಳಲ್ಲಿದೆ.

ಸೊಳ್ಳೆಗಳಲ್ಲೂ ಊರಿಗೊಂದು ಬಗೆ. ಬಯಲಿನ ಕೆರೆ ಕಾಲುವೆಗಳಲ್ಲಿ ಬೆಳೆಯುವುದು ಒಂದಾದರೆ, ಮಲೆನಾಡಿನ ತಿಳಿನೀರಿನ ತೊರೆಯ ಅಂಚಿನ ಹುಲ್ಲಿನಲ್ಲಿ ಮೊಟ್ಟೆಯಿಡುವುದು ಇನ್ನೊಂದು. 'ಫ್ಲೂವಿಯಾಟಿಲಿಸ್' ಎಂಬ ಈ ಎರಡನೆಯದು ಮನುಷ್ಯರ ರಕ್ತವನ್ನೇ ಬಯಸುವುದರಿಂದ ಹೆಚ್ಚು ಅಪಾಯಕಾರಿ. ಚರಂಡಿ ಶುಚಿ ಮಾಡಿದರೆ ಮಲೆನಾಡಿನ ಜ್ವರ ನಿಲ್ಲದೆ ಇದ್ದುದು ಏಕೆಂದು ಆಗ ಅರ್ಥವಾಯಿತು. ಸೊಳ್ಳೆ ಇದ್ದದ್ದು ಕೊಳಚೆಯಲ್ಲಲ್ಲ, ಕುಡಿಯಲು ತರುತ್ತಿದ್ದ ಹಳ್ಳದ ಅಂಚಿನಲ್ಲಿ.

ಎರಡನೆಯ ಮಹಾಯುದ್ಧದ ಬಳಿಕ ಡಿ.ಡಿ.ಟಿ. ಬಂತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1949ರ ಸುಮಾರಿಗೆ ಭಾರತಕ್ಕೆ ಕಳಿಸಿದ ಮಲೇರಿಯಾ ತಂಡಗಳಲ್ಲಿ ಒಂದು ಮೈಸೂರಿನ ಮಲೆನಾಡಿಗೇ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮನೆಗಳ ಗೋಡೆಗೆ ಬಿಳಿಯ ಔಷಧಿ ಸಿಂಪಡಿಸುವವರು ಬಂದದ್ದು ಮಲೆನಾಡಿನ ಹಿರಿಯರ ನೆನಪಿನಲ್ಲಿ ಉಳಿದಿದೆ. ಅರ್ಧ ಶತಮಾನ ಕುಗ್ಗಿಯೋ ನಿಂತೋ ಇದ್ದ ಜಿಲ್ಲೆಯ ಜನಸಂಖ್ಯೆ ಆ ಬಳಿಕ ವೇಗವಾಗಿ ಏರಿತು. 2011ರ ಜನಗಣತಿಯಲ್ಲಿ ಅದು 11.37 ಲಕ್ಷ ದಾಟಿತ್ತು.

ಕಲಮು ಸಿಗದ ರೋಗಗಳು

ಸಿಡುಬಿಗೆ ತೋಳು, ಪ್ಲೇಗಿಗೆ ಇಲಿ, ಮಲೇರಿಯಾಕ್ಕೆ ಗುಲ್ಮ, ಹೀಗೆ ಒಂದೊಂದು ರೋಗಕ್ಕೆ ಒಂದೊಂದು ಗುರುತು ಸಿಕ್ಕಿತು. ಉಳಿದವು ಏನಾದವು?

ದಡಾರ, ನಾಯಿಕೆಮ್ಮು, ಗಂಟಲುಮಾರಿ ಈ ಮೂರನ್ನೂ ನಮ್ಮ ಅಜ್ಜಿಯರು ಬಲ್ಲರು. ಮೂರಕ್ಕೂ ಅಚ್ಚ ಕನ್ನಡದ ಹೆಸರಿರುವುದೇ ಅದಕ್ಕೆ ಸಾಕ್ಷಿ. ಹಾಗೆಯೇ ಹುಟ್ಟಿದ ವಾರದಲ್ಲಿ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟು, ದವಡೆ ಕಚ್ಚಿ, ಬಿಲ್ಲಿನಂತೆ ಸೆಟೆದು ಸಾಯುವುದನ್ನೂ ಕಂಡಿದ್ದರು. ಅದನ್ನು ಬಾಲಗ್ರಹವೆಂದು ತಿಳಿದು ತಾಯಿತ ಕಟ್ಟಿಸಿದರು. ಹೊಕ್ಕಳುಬಳ್ಳಿಯನ್ನು ಕತ್ತರಿಸಿದ ಕುಡುಗೋಲಿನಿಂದಲೋ, ಗಾಯಕ್ಕೆ ಹಚ್ಚಿದ ಬೂದಿ ಸಗಣಿಯಿಂದಲೋ ಒಳಹೊಕ್ಕ ಧನುರ್ವಾಯು ಅನೇಕ ಸಲ ಅದರ ನಿಜವಾದ ಕಾರಣವಾಗಿತ್ತು.

ಮನೆಯ ಮಾತಿನಲ್ಲಿ ಹೆಸರಿದ್ದ ಈ ರೋಗಗಳಿಗೆ ಸರ್ಕಾರದ ಪುಸ್ತಕದಲ್ಲಿ ಕಲಮು ಇರಲಿಲ್ಲ. ದಡಾರದ ಮಗು 'ಜ್ವರ'ಕ್ಕೆ, ನಾಯಿಕೆಮ್ಮಿನ ಮಗು 'ಉಸಿರಾಟ'ಕ್ಕೆ, ಧನುರ್ವಾಯುವಿನ ಕೂಸು 'ಇತರೆ'ಗೆ ಸೇರಿಹೋಯಿತು. ತಾಯಿಗೆ ಗೊತ್ತಿದ್ದದ್ದು ಪಟೇಲರ ಪುಸ್ತಕಕ್ಕೆ ಬರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಬೆಂಗಳೂರಿಗೆ ತಿಳಿಯಲಿಲ್ಲ.

ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಗೆ ಲಸಿಕೆಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ಸಿದ್ಧವಾಗಿದ್ದವು. ಆದರೆ ಭಾರತದಲ್ಲಿ ಎಲ್ಲ ಮಕ್ಕಳಿಗೂ ಅವನ್ನು ತಲುಪಿಸುವ ವಿಸ್ತೃತ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. ದಡಾರದ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಯಿತೆಂದು ದೇಶ ಹೇಳಿಕೊಂಡದ್ದು 2015ರಲ್ಲಿ. ತಡಕ್ಕೆ ಬಡತನ, ಔಷಧಿಯ ಕೊರತೆ, ಶೀತಲ ಪೆಟ್ಟಿಗೆಯ ಅಭಾವ ಹೀಗೆ ಕಾರಣಗಳು ಹಲವು. ಲೆಕ್ಕದಲ್ಲಿ ಕಾಣದ ರೋಗಕ್ಕೆ ಹಣ ಕೇಳುವವರು ಯಾರೂ ಇರಲಿಲ್ಲ ಎಂಬುದೂ ಅವುಗಳಲ್ಲಿ ಒಂದು.

ಎಣಿಕೆಯ ಕೆಲಸ ಈಗ ಬಹಳ ಮುಂದೆ ಬಂದಿದೆ. ಜನನ ಮರಣ ನೋಂದಣಿಯನ್ನು ದೇಶದೆಲ್ಲೆಡೆ ಕಡ್ಡಾಯ ಮಾಡಿದ ಕಾನೂನು 1969ರದು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ನೋಂದಣಿಯನ್ನೇ ನಂಬಿ ಕೂರಲಾಗದೆಂದು, ಆಯ್ದ ಊರುಗಳಲ್ಲಿ ಮನೆಮನೆಗೆ ಹೋಗಿ ಎಣಿಸುವ ಮಾದರಿ ನೋಂದಣಿ ವ್ಯವಸ್ಥೆಯೂ ಆರಂಭವಾಯಿತು. ಅದರ 2020ರ ವರದಿಯಂತೆ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷದೊಳಗೆ ತೀರಿಕೊಂಡವು 19. ಐದಕ್ಕೆ ಒಂದರಂತೆ ಸಾಯುತ್ತಿದ್ದ ಕಾಲವನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಪಟೇಲರ ಪುಸ್ತಕದ ಜಾಗದಲ್ಲಿ ಇಂದು ಆರೋಗ್ಯ ಕಾರ್ಯಕರ್ತೆಯ ದಾಖಲೆಯೂ ಬಸುರಿಯ ಕೈಯಲ್ಲಿನ ತಾಯಿ ಕಾರ್ಡೂ ಇವೆ. ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬುದು ಹೆಸರು ಹಿಡಿದು ತಿಳಿಯುತ್ತದೆ.

ಆದರೂ ಹಳೆಯ ಕಲಮು ಪೂರ್ತಿ ಮಾಯವಾಗಿಲ್ಲ. 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢಪಡಿಸಿದ್ದು ನೂರಕ್ಕೆ ಸುಮಾರು 22.5 ಮಾತ್ರ. ಉಳಿದ ಮುಕ್ಕಾಲು ಪಾಲು ಮಂದಿ ಯಾವ ರೋಗದಿಂದ ಹೋದರು ಎಂಬುದು ಅವರ ಮನೆಯವರಿಗೆ ಗೊತ್ತಿದ್ದೀತು; ಸರ್ಕಾರದ ಪುಸ್ತಕಕ್ಕೆ ಗೊತ್ತಿಲ್ಲ. ಕಡೂರು ಜಿಲ್ಲೆಯ ಪಟೇಲರು ನೂರು ವರ್ಷಗಳ ಹಿಂದೆ 'ಜ್ವರ' ಎಂದು ಬರೆದು ಮುಂದಿನ ಸಾಲಿಗೆ ಹೋದದ್ದನ್ನು ನೋಡಿ ನಗುವ ಮೊದಲು ಈ ಅಂಕಿಯನ್ನು ನಾವು ಒಮ್ಮೆ ನೋಡಬೇಕು.